ಕೋಣನ ಮುಂದೆ ಕರೋಕೆ

ಸಂಜೆ ಏಳರ ಹೊತ್ತಿಗೆ ಮಲೆಬೆನ್ನೂರಿನಲ್ಲಿ ಕೇಳಿಬರುವ ಸದ್ದುಗಳಿಗೆ ಒಂದು ಕ್ರಮವಿದೆ. ಮೊದಲು ಅಕ್ಕಿ ಗಿರಣಿಯ ಗುಂಯ್ ಎನ್ನುವ ಶ್ರುತಿ. ಅದರ ಮೇಲೆ ಹರಿಹರ–ಶಿವಮೊಗ್ಗ ರಸ್ತೆಯಲ್ಲಿ ಭತ್ತ ಹೇರಿಕೊಂಡು ಹೋಗುವ ಲಾರಿಗಳ ಹಾರನ್ನು. ಆಮೇಲೆ ಮಸೀದಿಯ ಬಾಂಗು, ಗುಡಿಯ ಗಂಟೆ. ಇವೆಲ್ಲ ಮುಗಿದು ಊರು ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ನಮ್ಮ ಓಣಿಯ ಮೂರನೇ ಮನೆಯಿಂದ, “ಹಲೋ... ಚೆಕ್... ಚೆಕ್... ಒನ್... ಟೂ... ತ್ರೀ...”

ಈ ಒನ್ ಟೂ ತ್ರೀ ಮೈಕಿನ ಪರೀಕ್ಷೆಯಲ್ಲ, ಎದುರಿಗೆ ಕೂತ ಕೇಳುಗರ ಎಣಿಕೆ ಎಂದು ಓಣಿಯ ಹುಡುಗರು ಹೇಳುತ್ತಾರೆ. ನಾಲ್ಕಕ್ಕೆ ಹೋದದ್ದನ್ನು ಈವರೆಗೆ ಯಾರೂ ಕೇಳಿಲ್ಲ.

ಆ ಮನೆಯ ಯಜಮಾನರ ನಿಜವಾದ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಓಣಿಗೆಲ್ಲ ಅವರು ಸ್ಕೋರಣ್ಣ. ಇಂಥವರು ನಮ್ಮೂರಿಗಷ್ಟೇ ಮೀಸಲಲ್ಲ. ಹರಿಹರದಲ್ಲಿ ಬೀದಿಗೊಬ್ಬರು, ದಾವಣಗೆರೆಯಲ್ಲಿ ಅಪಾರ್ಟ್‌ಮೆಂಟಿಗೆ ಇಬ್ಬರು ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಏಪ್ರಿಲ್ ಬಿಸಿಲಿನಲ್ಲೂ ಕೊರಳಿಗೆ ಮಫ್ಲರ್, ದವಡೆಯಲ್ಲಿ ಲವಂಗ. ಮದುವೆ ಮನೆಯಲ್ಲಿ ಐಸ್‌ಕ್ರೀಮ್ ತಟ್ಟೆ ಹತ್ತಿರ ಬಂದರೆ ಹಾವು ತುಳಿದವರಂತೆ ಹಿಂದೆ ಜಿಗಿಯುತ್ತಾರೆ. “ಕ್ವಿಂಟಾಲ್ ಎಷ್ಟಕ್ಕೆ ಹೋಯ್ತಣ್ಣ?” ಎಂದು ಕೇಳಿದರೆ ಅವರು ಹೇಳುವ ದರದ ಕೊನೆಯಲ್ಲೂ ಸಣ್ಣದೊಂದು ಗಮಕವಿರುತ್ತದೆ.

ರೋಗ ಅಂಟಿದ್ದು ಹೀಗೆ. ಲಂಡನ್ನಿನಲ್ಲಿರುವ ಅಳಿಯ ಒಂದು ದೀಪಾವಳಿಗೆ ಬಂದವನು ತನ್ನ ಹಳೆಯ ಪ್ಲೇಸ್ಟೇಷನ್ನು, ಎರಡು ಮೈಕು ಮತ್ತು ‘ಸಿಂಗ್‌ಸ್ಟಾರ್’ ಎಂಬ ಆಟದ ಡಿಸ್ಕನ್ನು ಇಲ್ಲೇ ಬಿಟ್ಟು ಹೋದ. 2004ರಲ್ಲಿ ಸೋನಿ ಕಂಪನಿ ಹೊರತಂದ ಆಟ ಅದು. ಟಿವಿ ಪರದೆಯ ಕೆಳಗೆ ಹಾಡಿನ ಸಾಹಿತ್ಯ ಓಡುತ್ತದೆ, ಮೇಲೆ ಅಡ್ಡಡ್ಡ ಗೆರೆಗಳು. ಸ್ವರ ಏರಿದಲ್ಲಿ ಗೆರೆ ಮೇಲೆ, ಇಳಿದಲ್ಲಿ ಕೆಳಗೆ, ಎಳೆದು ಹಾಡಬೇಕಾದಲ್ಲಿ ಉದ್ದ. ನಮ್ಮ ದನಿ ಸ್ವರಕ್ಕೆ ಸರಿಯಾಗಿ ಕೂತರೆ ಗೆರೆಯೊಳಗೆ ಬಣ್ಣ ತುಂಬುತ್ತದೆ. ತಪ್ಪಿದರೆ ಬಣ್ಣ ಆಚೆ ಬೀಳುತ್ತದೆ. ಕೊನೆಗೆ ಹತ್ತು ಸಾವಿರಕ್ಕೆ ಇಷ್ಟು ಎಂದು ಅಂಕ.

“ಸಾಲು ನಾಟಿ ಮಾಡಿದಂಗೈತಲ್ಲೋ!” ಎಂದರು ಸ್ಕೋರಣ್ಣ. ಹಗ್ಗ ಹಿಡಿದು ಗೆರೆಗೆ ಸರಿಯಾಗಿ ಸಸಿ ಊರಿಸಿ ಅಭ್ಯಾಸವಿದ್ದವರು, ಅರ್ಥವಾಗಲು ತಡವಾಗಲಿಲ್ಲ. ಆದರೆ ಮೊದಲ ಹಾಡಿನಲ್ಲಿ ಅವರ ಸಸಿಗಳೆಲ್ಲ ಬದುವಿನ ಮೇಲೆ ಬಿದ್ದವು. ಟಿವಿ ‘ಟೋನ್ ಡೆಫ್’, ಅಂದರೆ ಸ್ವರಗಿವುಡ, ಎಂದು ಷರಾ ಬರೆಯಿತು. ಅರ್ಥ ಗೊತ್ತಿದ್ದ ಮೊಮ್ಮಗಳು ಬಾಯಿಬಿಡದೆ ಚಪ್ಪಾಳೆ ತಟ್ಟಿದಳು. ಅದೊಂದು ಬಿರುದೆಂದುಕೊಂಡ ಸ್ಕೋರಣ್ಣ ವಾರಗಟ್ಟಲೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದನ್ನೇ ಹೇಳಿಕೊಂಡು ಓಡಾಡಿದರು.

ಆ ಡಿಸ್ಕಿನಲ್ಲಿದ್ದುದೆಲ್ಲ ಇಂಗ್ಲಿಷ್ ಹಾಡು. ಸ್ಕೋರಣ್ಣನಿಗೆ ಅದು ಅಡ್ಡಿಯಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಮೊಮ್ಮಗಳು ಎರಡೇ ದಿನದಲ್ಲಿ ಯಂತ್ರದ ಗುಟ್ಟನ್ನು ಪತ್ತೆ ಮಾಡಿದಳು. ಅದು ಸ್ವರದ ಎತ್ತರವನ್ನು ಅಳೆಯುತ್ತದೆಯೇ ಹೊರತು ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ. ಪ್ರೇಮ ಮುರಿದ ಯಾರೋ ಬಿಳಿಯನ ಗೋಳಿನ ಧಾಟಿಗೆ ಆ ಹುಡುಗಿ “ಸೋನಾ ಮಸೂರಿ, ಜಯಾ, ಐಆರ್ ಅರವತ್ನಾಲ್ಕೂ...” ಎಂದು ಭತ್ತದ ತಳಿಗಳನ್ನೆಲ್ಲ ಹಾಡಿ ಏಳು ಸಾವಿರ ದಾಟಿದಳು. ಬರೀ “ಊಂ” ಎಂದು ಗುನುಗಿದರೂ ಅಂಕ ಬಿತ್ತು. ಸ್ಥಾಯಿಯ ತಕರಾರೂ ಅದಕ್ಕಿಲ್ಲ. ತಾರದಲ್ಲಿ ಹಾಡಬೇಕಾದ್ದನ್ನು ಗಂಡಸು ಮಂದ್ರದಲ್ಲಿ ಹಾಡಿದರೂ ಸ್ವರ ಅದೇ ಆಗಿದ್ದರೆ ಸೈ. ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ಮರೆತಿಟ್ಟ ಮೈಕಿನೊಳಗೆ ಮಿಕ್ಸಿಯ ಸದ್ದು ಹೊಕ್ಕು ಒಂದು ಉದ್ದ ಗೆರೆ ತುಂಬಿಯೇ ಬಿಟ್ಟಿತು. ಒಣಕೊಬ್ಬರಿ ಚಟ್ನಿಗೂ ಅಂಕ ಬಂದ ಮನೆ ಅದು.

ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಎಂದು ಹಿರಿಯರು ಬುದ್ಧಿ ಹೇಳಿದ್ದು ಕೋಣ ಸುಮ್ಮನೆ ಮೆಲುಕು ಹಾಕುತ್ತಿದ್ದ ಕಾಲದಲ್ಲಿ. ಈಗ ಕೋಣ ಮಾರ್ಕ್ಸ್ ಕೊಡುತ್ತದೆ. ಅಂದಮೇಲೆ ಬಾರಿಸದೆ ಇರುವುದು ಹೇಗೆ?

ಇಂಗ್ಲಿಷ್ ಡಿಸ್ಕು ಗೀರು ಬಿದ್ದು ಸತ್ತ ಮೇಲೆ ಸ್ಕೋರಣ್ಣ ಫೋನಿನ ಆ್ಯಪಿಗೆ ಬಂದರು. ಅದನ್ನು ಟಿವಿಗೆ ಹೊಂದಿಸಿದರೆ ಕನ್ನಡ ಹಾಡುಗಳ ಕಣಜವೇ ಬಾಗಿಲು ತೆರೆಯಿತು. ಗೆರೆ ಅವೇ, ಬಣ್ಣ ಅದೇ, ಅಂಕ ಮಾತ್ರ ಹತ್ತು ಸಾವಿರದಿಂದ ನೂರಕ್ಕೆ ಇಳಿಯಿತು. ಈ ಇಳಿಕೆ ಅವರನ್ನು ನೋಯಿಸಿತು. ದರ ಬಿದ್ದ ವರ್ಷದ ಭತ್ತದಂತೆ.

ಅಂಕಗಳಿಗೆಂದೇ ಅವರಲ್ಲೊಂದು ಪುಸ್ತಕವಿದೆ. ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ, ಗದ್ದೆಯ ಲೆಕ್ಕದ ಪುಸ್ತಕ. ಎಡಪುಟ ಭತ್ತಕ್ಕೆ, ಬಲಪುಟ ಹಾಡಿಗೆ. ನನಗೆ ತೋರಿಸಿದ ಪುಟದಲ್ಲಿ ಎಡಗಡೆ, “ಸೋನಾ 42 ಚೀಲ, ಹಮಾಲಿ ಕೊಟ್ಟಿದ್ದು.” ಬಲಗಡೆ, “ಪಿಬಿಎಸ್ 78. ಎಸ್‌ಪಿಬಿ 64 (ಕೆಮ್ಮು). ಅಣ್ಣಾವ್ರು 59 (ಫ್ಯಾನ್ ಗಾಳಿ). ಪಿಬಿಎಸ್ 81 (ಯಾರೂ ಇರಲಿಲ್ಲ).” ಆವರಣದೊಳಗಿನ ಮಾತುಗಳೇ ಆ ಪುಸ್ತಕದ ಸಾಹಿತ್ಯ. ಅಂಕ ಹೆಚ್ಚು ಬಂದರೆ ಕಾರಣ ಪ್ರತಿಭೆ, ಕಡಿಮೆ ಬಂದರೆ ವೋಲ್ಟೇಜು. ಅತಿ ಹೆಚ್ಚು ಅಂಕ ಬಂದ ದಿನವೆಲ್ಲ ಸಾಕ್ಷಿಗಳಿರಲಿಲ್ಲ ಎಂಬುದು ನನ್ನ ಗಮನಕ್ಕೆ ಬಂತು. ಹೇಳಲಿಲ್ಲ. ಕೈಯಲ್ಲಿ ಅವರ ಮನೆಯ ಮಿರ್ಚಿಯಿತ್ತು.

ನಿಜ ಹೇಳಬೇಕೆಂದರೆ ಅವರ ದನಿ ಕೆಟ್ಟದ್ದಲ್ಲ. ತೊಂದರೆ ಇರುವುದು ಉಸಿರಿನಲ್ಲಿ. ಭದ್ರಾ ನಾಲೆಯ ನೀರಿನಂತೆ, ಸಾಲಿನ ಆರಂಭದಲ್ಲಿ ದಂಡೆ ತುಂಬಿ ಹರಿಯುತ್ತದೆ, ನಡುವಿನಲ್ಲಿ ಮೊಣಕಾಲುದ್ದ, ಕೊನೆ ಭಾಗಕ್ಕೆ ತೇವ ಮಾತ್ರ. ಡ್ಯಾಮು 186 ಅಡಿ ತುಂಬಿ ತುಳುಕುವ ವರ್ಷದಲ್ಲೂ ಕೊನೆ ಭಾಗದ ರೈತರು ರಸ್ತೆಗೆ ಇಳಿಯುವುದನ್ನು ಕಂಡ ನಮಗೆ ಇದು ಹೊಸದಲ್ಲ. ಸ್ಕೋರಣ್ಣನ ಪಲ್ಲವಿಗೆ ನೀರಿದೆ, ಚರಣದ ಕೊನೆಯ ಅಕ್ಷರಗಳು ಒಣಗಿಯೇ ಸಾಯುತ್ತವೆ. ಬೇಸಿಗೆ ಬೆಳೆಗೆ ನೀರು ಬಿಟ್ಟಂತೆ ಆನ್ ಅಂಡ್ ಆಫ್ ಪದ್ಧತಿಯಲ್ಲಿ, ಒಂದು ಸಾಲು ಹಾಡಿ ಒಂದು ಸಾಲು ಬಿಡುವುದೂ ಉಂಟು.

ಅವರ ಆರಾಧ್ಯ ದೈವ ಪಿ.ಬಿ. ಶ್ರೀನಿವಾಸ್. ಆದರೆ ಹಟ ಮಾತ್ರ ಡಾ. ರಾಜ್‌ಕುಮಾರ್ ಅವರದು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ರಾಜ್‌ಕುಮಾರ್ ತಮ್ಮದೇ ದನಿಯಲ್ಲಿ ಹಾಡಿದರಲ್ಲ, ಅಲ್ಲಿಂದ ಅವರ ಪಾತ್ರಗಳಿಗೆ ಕ್ರಮೇಣ ಅವರದೇ ಕಂಠ ಕಾಯಂ ಆಯಿತು. “ನಟ ಗಾಯಕ ಆಗಬೌದು ಅಂದ್ಮ್ಯಾಗೆ ರೈತ ಯಾಕೆ ಆಗಬಾರ್ದು?” ಎನ್ನುವುದು ಸ್ಕೋರಣ್ಣನ ವಾದ. ನಾನು ಆ ಎಮ್ಮೆಯ ಸಹನೆಯನ್ನು ನೆನೆಯುತ್ತೇನೆ.

ಕೇಳುಗರನ್ನು ಹಿಡಿಯುವ ವಿಧಾನವೂ ಶಾಸ್ತ್ರೋಕ್ತವಾಗಿದೆ. ಲಗ್ನಪತ್ರಿಕೆ ಕೊಡಲು ಬಂದವರು, ಗೊಬ್ಬರದ ಸಾಲ ಕೇಳಲು ಬಂದವರು, ವಿಳಾಸ ತಪ್ಪಿ ಬಂದ ಕೊರಿಯರ್ ಹುಡುಗ, ಎಲ್ಲರಿಗೂ ಒಂದೇ ಸ್ವಾಗತ: “ಬರ್ರಿ ಬರ್ರಿ, ಕುತ್ಕಳ್ರಿ. ಒಂದೇ ಒಂದು ಹಾಡು ಕೇಳ್ಕಂಡು ಹೋಗೀರಂತೆ.” ಒಂದು ಹಾಡು ಮುಗಿಯುವಷ್ಟರಲ್ಲಿ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬರುತ್ತದೆ. ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿಗೆ ಕೈ ಹಾಕಿದವನು ತಟ್ಟೆ ಖಾಲಿಯಾಗದೆ ಎದ್ದ ಉದಾಹರಣೆ ಇಲ್ಲ. ತಟ್ಟೆ ಖಾಲಿಯಾಗಲು ಸ್ಕೋರಣ್ಣ ಬಿಡುವುದಿಲ್ಲ.

ಈ ಏರ್ಪಾಡಿನ ಭಾರವೆಲ್ಲ ಅವರ ಹೆಂಡತಿಯ ಮೇಲೆ. ಆ ತಾಯಿ ಒಲೆಯ ಮುಂದೆ ನಿಂತು ಒಂದೇ ಮಾತಿನಲ್ಲಿ ಸಂಸಾರವನ್ನು ಹಂಚಿದ್ದಾರೆ: “ಅವ್ರದ್ದು ಕರೋಕೆ. ನಂದು ಕರಿಯೋಕೆ.”

ಓಣಿಯವರು ಉಪಾಯಗಳನ್ನು ಹುಡುಕದೆ ಇಲ್ಲ. ಒಬ್ಬರು ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿ ಅಜ್ಜಯ್ಯನ ಗದ್ದುಗೆ ಮುಂದೆ ನಿಲ್ಲಿಸಿದರೆ ಮೈಮೇಲಿನದು ಬಿಟ್ಟೀತು ಎಂದರು. ಹೋಗಿಬಂದರು. ಬರುವಾಗ ಕಾರಿನಲ್ಲಿ ಪೂರ್ತಿ ದಾರಿ ಹಾಡಿಕೊಂಡೇ ಬಂದರಂತೆ, ತುಂಗಭದ್ರೆಯ ಗಾಳಿಗೆ ಗಂಟಲು ಬಿಟ್ಟಿತೆಂದು.

ಇಷ್ಟಕ್ಕೆಲ್ಲ ಕಾರಣನಾದವನು ಯಾರು ಎಂದು ಹುಡುಕಿದರೆ ಜಪಾನಿಗೆ ಹೋಗಬೇಕು. ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದ ಇನೊಯೆ ದೈಸುಕೆ ಎಂಬಾತ 1971ರಲ್ಲಿ ಕರೋಕೆ ಯಂತ್ರವನ್ನು ಮಾಡಿದ. ಅದರ ಹಿಂದಿನ ಕಥೆ ಚೆನ್ನಾಗಿದೆ. ಕಂಪನಿಯೊಂದರ ಯಜಮಾನನಿಗೆ ಈತನ ನುಡಿಸಾಣಿಕೆ ಬಿಟ್ಟು ಬೇರೆಯವರದು ಹಿಡಿಸುತ್ತಿರಲಿಲ್ಲ. ಏಕೆಂದರೆ ಯಜಮಾನ ತಾಳ ತಪ್ಪಿದರೆ ಈತನೂ ಜೊತೆಗೇ ತಪ್ಪಿ ಮಾನ ಉಳಿಸುತ್ತಿದ್ದ. ಪ್ರವಾಸಕ್ಕೆ ಬಾ ಎಂದು ಕರೆದಾಗ ಹೋಗಲಾಗದೆ, ಆತನ ಓಟಕ್ಕೆ ಹೊಂದುವಂತೆ ನುಡಿಸಿ ಟೇಪು ಮಾಡಿ ಕಳಿಸಿದ. ಅದೇ ಬೀಜ. ಹನ್ನೊಂದು ಪೆಟ್ಟಿಗೆ ಮಾಡಿಸಿ ಬಾಡಿಗೆಗೆ ಬಿಟ್ಟ ಪುಣ್ಯಾತ್ಮ ಪೇಟೆಂಟ್ ಮಾಡಿಸಲು ಹೋಗಲಿಲ್ಲ. 2004ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನದವರು ಕರೆದು ಶಾಂತಿ ಪ್ರಶಸ್ತಿ ಕೊಟ್ಟರು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದಕ್ಕೆ ಹೊಸ ದಾರಿ ತೋರಿಸಿದ್ದಕ್ಕೆ! ಬಹುಮಾನ ಕೊಟ್ಟವರು ನಮ್ಮ ಓಣಿಯಲ್ಲಿ ಒಂದು ಸಂಜೆ ಕಳೆದಿದ್ದರೆ ಅರ್ಧವನ್ನಾದರೂ ನಮಗೆ ಹಂಚುತ್ತಿದ್ದರು.

ಕರೋಕೆ ಎಂದರೆ ‘ಖಾಲಿ ವಾದ್ಯವೃಂದ’ ಎಂದರ್ಥವಂತೆ. ಇದನ್ನು ಹೇಳಿದಾಗ ಸ್ಕೋರಣ್ಣ ಮೊದಲ ಸಲ ಸುಮ್ಮನಾದರು. ಆಮೇಲೆ ಹೇಳಿದ್ದು ಹಾಡಿನ ಮಾತಲ್ಲ, ನಾಟಕದ್ದು. ಹುಡುಗರಾಗಿದ್ದಾಗ ದಾವಣಗೆರೆಯಲ್ಲಿ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿ ಬಂದು ಊರ ಜಾತ್ರೆಯಲ್ಲಿ ತಾವೂ ಬಣ್ಣ ಹಚ್ಚಿದ್ದರಂತೆ. ಪಾತ್ರ ದೂತನದು, ಹಾಡು ಒಂದೇ. ಅದರಲ್ಲೂ ನಡುವಿನ ಸಾಲು ಮರೆತು ಮೊದಲ ಸಾಲಿಗೇ ವಾಪಸು ಬಂದಿದ್ದರು. “ಪೇಟಿ ಮಾಸ್ತರು ನಕ್ಕಂಡು ನನ್ ಜೊತಿಗೇ ವಾಪಸ್ ಬಂದ್ರು ನೋಡ್ರಿ. ಜನಕ್ಕೆ ಗೊತ್ತೇ ಆಗ್ಲಿಲ್ಲ. ಒನ್ಸ್ ಮೋರ್ ಅಂದ್ರು.” ಸ್ವಲ್ಪ ತಡೆದು, “ಈ ಟಿವಿ ಹಂಗೆ ವಾಪಸ್ ಬರಲ್ಲ” ಎಂದರು.

ಪೇಟಿ ಹಾಡುವವನ ಹಿಂದೆ ಓಡುತ್ತಿತ್ತು. ಕರೋಕೆಯ ಹಿಂದೆ ಹಾಡುವವನೇ ಓಡಬೇಕು. ಸ್ಕೋರಣ್ಣನ ಉಸಿರು ಏಕೆ ಸಾಲದು ಎಂದು ಆಗ ನನಗೆ ತಿಳಿಯಿತು.

ಮೊನ್ನೆ ಹೋದಾಗ ಯುಗಳಗೀತೆ ನಡೆದಿತ್ತು. ಪಿ.ಬಿ. ಶ್ರೀನಿವಾಸ್ ಭಾಗವನ್ನೂ ಎಸ್. ಜಾನಕಿ ಭಾಗವನ್ನೂ ಸ್ಕೋರಣ್ಣ ಒಬ್ಬರೇ ನಿಭಾಯಿಸುತ್ತಾರೆ. ಸ್ಥಾಯಿಯನ್ನು ಯಂತ್ರ ಕೇಳುವುದಿಲ್ಲವಲ್ಲ. ಪರದೆಯ ಮೇಲೆ ಕನ್ನಡದ ಸಾಹಿತ್ಯ ಇಂಗ್ಲಿಷ್ ಅಕ್ಷರಗಳಲ್ಲಿ ಓಡುತ್ತಿತ್ತು, ಕನ್ನಡಕ ಮೂಗಿನ ತುದಿಯಲ್ಲಿತ್ತು. ಎರಡನೇ ಚರಣದಲ್ಲಿ ಜಾನಕಿಯವರ ಸರದಿ ಬಂತು. ಅದೇ ಹೊತ್ತಿಗೆ ಮಿರ್ಚಿಯ ಬೀಜವೊಂದು ಗಂಟಲಿಗೆ ಸಿಕ್ಕಿ ಸ್ಕೋರಣ್ಣ ಕೆಮ್ಮತೊಡಗಿದರು. ಗೆರೆಗಳು ಖಾಲಿ ಖಾಲಿ ಸರಿದು ಹೋಗುತ್ತಿದ್ದವು.

ಆಗ ಅಡುಗೆಮನೆಯ ಬಾಗಿಲಿನಿಂದ ಆ ಸಾಲು ಬಂತು. ಕೈಯಲ್ಲಿ ಜಾಲರಿ ಸಟ್ಟುಗ, ಅದರಲ್ಲಿ ಎಣ್ಣೆ ಬಸಿಯುತ್ತಿದ್ದ ಎರಡು ಮೆಣಸಿನಕಾಯಿ. ಕಣ್ಣು ಟಿವಿಯ ಮೇಲಲ್ಲ, ಕೆಮ್ಮುತ್ತಿದ್ದ ಗಂಡನ ಮೇಲೆ. ಓದದೆ, ತಡವರಿಸದೆ, ಆ ಚರಣವನ್ನು ಪೂರ್ತಿ ಹಾಡಿದರು. ಇವರ ಕೆಮ್ಮು ಇನ್ನೂ ನಿಂತಿಲ್ಲವೆಂದು ಕಂಡು ಕೊನೆಯ ಸಾಲನ್ನು ಇನ್ನೊಂದು ಸಲ ಹೇಳಿದರು. ವರ್ಷಗಟ್ಟಲೆ ಮಿಕ್ಸಿ ಹಾಕಿಕೊಂಡು ಕಿವಿ ಮುಚ್ಚಿಕೊಂಡವರು ಎಂದು ನಾವೆಲ್ಲ ನಂಬಿದ್ದ ಹೆಂಗಸು.

ಮೈಕಿಗೆ ಆ ದನಿ ದೂರವಾಯಿತು. ಯಂತ್ರ 41 ಎಂದಿತು.

ಸ್ಕೋರಣ್ಣ ನೀರು ಕುಡಿದು ಸುಧಾರಿಸಿಕೊಂಡು, ಕೆಂಪು ಪುಸ್ತಕ ತೆಗೆದು ಬರೆದರು: “ಯುಗಳ 41 (ಮನೆಯವರ ಅಡ್ಡಿ).” ಆಕೆ ಭುಜದ ಮೇಲಿಂದ ಬಗ್ಗಿ ಓದಿದರು.

“ಅಡ್ಡಿ ಅಲ್ಲ, ಕೋರು ಅಂತ ಬರೀರಿ. ಗದ್ದಿ ಕೋರಿಗೆ ಕೊಟ್ರೆ ಅರ್ಧ ಕೊಡಾದಿಲ್ಲೇನು?”

ಸ್ಕೋರಣ್ಣ ಪೆನ್ನು ಹಿಡಿದು ಲೆಕ್ಕ ಹಾಕಿದರು. ಆವರಣದ ಮಾತನ್ನು ಹೊಡೆದು ಹಾಕಿ ಬರೆದರು: “ತಲಾ 20½.” ಆ ಪುಸ್ತಕದಲ್ಲಿ ನೆಪವಿಲ್ಲದೆ ದಾಖಲಾದ ಮೊದಲ ಕಡಿಮೆ ಅಂಕ ಅದು.

ಮರುದಿನ ಸಂಜೆ ಗಿರಣಿ ನಿಂತಿತು, ಲಾರಿಗಳು ಹೋದವು, ಬಾಂಗು ಮುಗಿಯಿತು, ಗಂಟೆ ಬಾರಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಸಿದ್ಧನಾಗಿ ನಿಂತಿದ್ದೆ. ಮೂರನೇ ಮನೆಯಿಂದ ದನಿ ಬಂತು.

“ಹಲೋ... ಚೆಕ್... ಒನ್... ಟೂ...”

ಅಲ್ಲಿಗೇ ನಿಂತಿತು. ಹಾಡು ಶುರುವಾಯಿತು. ಮೂರನೆಯವನು ಬೇಕಾಗಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದೆ. ಮಿರ್ಚಿ ತಪ್ಪಿತಲ್ಲ ಎಂಬ ಬೇಸರವೊಂದು ಬಿಟ್ಟರೆ, ಕೇಳುವುದಕ್ಕೆ ಅಂದು ಪರವಾಗಿರಲಿಲ್ಲ.