ದಶಮಾಂಶದ ಹುಂಜ

ದುಡಿಮೆಯಲ್ಲಿ ಹತ್ತನೇ ಒಂದು ಪಾಲು ದೇವರಿಗೆ. ದಶಮಾಂಶದ ಲೆಕ್ಕ ಮೂರನೇ ಕ್ಲಾಸಿನ ಮಗುವಿಗೂ ಬರುತ್ತದೆ. ಬಾರದಿರುವುದು ಕಾಫಿ ತೋಟದ ಗಂಡಸರಿಗೆ ಮಾತ್ರ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಮಿಷನರಿ ಹರ್ಮನ್ ಮೊಗ್ಲಿಂಗ್ ಮುಂದಿನ ದಶಕದಲ್ಲಿ ಕೊಡಗಿಗೆ ಬಂದು ಆನಂದಪುರದಲ್ಲಿ ಕ್ರೈಸ್ತ ಸಭೆ ಕಟ್ಟಿದರಲ್ಲ, ಅಂದಿನಿಂದಲೂ ನಮ್ಮಂಥ ಮನೆಗಳಲ್ಲಿ ಈ ಜಗಳ ನಡೆದೇ ಇರಬೇಕು.

ಕಾಫಿ ಚೆರಿ ಮಾರಿದ ರಾತ್ರಿ ಪೆನ್ನು ಹಿಡಿದು ಕೂತೆ. ಗೊಬ್ಬರ ಕಳೆದೆ, ಕುಯ್ಲಿನ ಕೂಲಿ ಕಳೆದೆ, ಬ್ಯಾಂಕಿನ ಬಡ್ಡಿ, ಚೆರಿಯಲ್ಲಿ ಬೀಜದ ಪ್ರಮಾಣ (ಓಟಿ) ಕಡಿಮೆ ಬಂದ ನಷ್ಟ, ಆನೆ ಮುರಿದ ಗಿಡ ಎಲ್ಲಾ ಕಳೆದೆ. ಕೊನೆಗೆ ದೇವರೇ ನನಗೆ ಬಾಕಿದಾರನಾದ.

"ಮೊನ್ನೆ ನಮ್ಮಣ್ಣನ ಮುಂದೆ ಈ ಸಲ ಬಂಪರ್ ಬೆಳೆ ಅಂದ್ರಲ್ಲಾ, ಆ ಲೆಕ್ಕದಲ್ಲಿ ಕೊಡಿ" ಎಂದಳು ಹೆಂಡತಿ.

ನಾನು ಮತ್ತಾಯನ ಮೊರೆ ಹೊಕ್ಕೆ. "ಪುದೀನ, ಜೀರಿಗೆಗೂ ಪಾಲು ಲೆಕ್ಕ ಹಾಕೋರನ್ನ ಯೇಸುಸ್ವಾಮಿಯೇ ಬೈದಿದ್ದಾನೆ, ಗೊತ್ತಾ?"

"ನ್ಯಾಯ, ಕರುಣೆ ಬಿಟ್ಟದ್ದಕ್ಕೆ ಬೈದದ್ದು. ಪಾಲೂ ಕೊಡಬೇಕು ಅಂತ ಅದೇ ವಚನದಲ್ಲಿದೆ. ಅರ್ಧಕ್ಕೇ ಯಾಕೆ ನಿಲ್ಸಿದ್ರಿ?"

ಭಾನುವಾರ ಬೆಳೆ ಹಬ್ಬ. ದುಡ್ಡಿನ ಬದಲು ನಮ್ಮ ಹುಂಜವನ್ನು ಅರ್ಪಿಸುತ್ತೇನೆಂದು ಘೋಷಿಸಿದೆ. ಅದು ನಡುರಾತ್ರಿ ಕೂಗುವ, ನನ್ನನ್ನು ಕಂಡರೆ ಕುಕ್ಕಲು ಬರುವ ಪ್ರಾಣಿ. ಭಕ್ತಿಗೆ ಭಕ್ತಿ, ನಿದ್ದೆಗೆ ನಿದ್ದೆ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಬಾಳೆಗೊನೆ ಹೋಯಿತು, ಕಿತ್ತಳೆ ಹೋಯಿತು, ಕಾಳುಮೆಣಸು ಹೋಯಿತು. ಕೆಂಪು ರಿಬ್ಬನ್ ಕಟ್ಟಿಸಿಕೊಂಡ ನನ್ನ ಹುಂಜ ಬಂತು. ಪಕ್ಕದ ತೋಟದವರು ಕೂಗಿ, ನನ್ನತ್ತ ತಿರುಗಿ, "ನಿಮಗ್ಯಾಕೆ ಬಿಡಿ, ಈ ವರ್ಷ ಕಷ್ಟ ಅಂತಲ್ಲಾ?" ಎಂದರು. ಅಷ್ಟೇ ಸಾಕಾಯಿತು. ಮೀಸೆ ತಾನಾಗಿ ಮೇಲೆದ್ದಿತು, ಅದರ ಹಿಂದೆ ಕೈ. ಅವರು ಏರಿಸಿದರು, ನಾನೂ ಏರಿಸಿದೆ. ಎಲ್ಲಿಯವರೆಗೆಂದರೆ, ಅವರು ತೃಪ್ತಿಯಿಂದ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನಾಗುವವರೆಗೆ.

ಜೀಪಿನಲ್ಲಿ ಹುಂಜ ನನ್ನ ತೊಡೆಯ ಮೇಲೆ. "ದಶಮಾಂಶ ಬಿಡಿಸಿಕೊಳ್ಳೋರು ಐದನೇ ಒಂದು ಪಾಲು ಹೆಚ್ಚಿಗೆ ಕೊಡಬೇಕು ಅಂತ ಯಾಜಕಕಾಂಡದಲ್ಲಿದೆ. ನೀವು ಐದು ಪಟ್ಟು ಕೊಟ್ರಿ" ಎಂದಳು ಹೆಂಡತಿ.

"ಹೋಗಲಿ, ದಶಮಾಂಶ ತೀರಿತಲ್ಲ!"

"ಅದು ಹರಾಜಿನ ದುಡ್ಡು. ದಶಮಾಂಶದ ಕವರು ಬೆಳಿಗ್ಗೆಯೇ ಹಾಕ್ದೆ. ಬಂಪರ್ ಲೆಕ್ಕದಲ್ಲಿ."

ರಾತ್ರಿ ಸಭಾಪಾಲಕರು ಊಟಕ್ಕೆ ಬಂದರು. ನೂಲ್‌ಪುಟ್ಟು, ಹುಂಜದ ಸಾರು. ಕಾಲೆರಡೂ ಅವರ ತಟ್ಟೆಗೆ, ಎದೆಭಾಗ ಭಾವನಿಗೆ, ಈಲಿ ಮಕ್ಕಳಿಗೆ. ನನ್ನ ಪಾಲಿಗೆ ಕುತ್ತಿಗೆ. ತೂಕ ಹಾಕಿ ನೋಡಿದ್ದರೆ ಸರಿಯಾಗಿ ಹತ್ತನೇ ಒಂದು ಪಾಲೇ ಇರುತ್ತಿತ್ತು.