ಹಸುವಿಲ್ಲದವನ ಹಸುವಿಗೆ ಸೊಂಟನೋವು

ರಣಹದ್ದು ಸಂರಕ್ಷಣೆಯ ಕೆಲಸ ಸಿಕ್ಕಿದ್ದೇ ತಡ ದುರ್ಬೀನು, ಹಸಿರು ಟೋಪಿ, ಮೈತುಂಬ ಜೇಬಿರುವ ಪ್ಯಾಂಟು ಕೊಂಡೆ. ಜೇಬಿಗೆ ಹಾಕಲು ಏನೂ ಇರಲಿಲ್ಲ, ಸಂಬಳ ಹಾಗಿತ್ತು. ಅಮ್ಮ ನೆಂಟರಿಗೆಲ್ಲ ‘ಫಾರೆಸ್ಟ್ ಕಡೆ ಕೆಲಸ’ ಎಂದಷ್ಟೇ ಹೇಳಿದಳು. ಹೆಣ್ಣು ಕೊಡುವವರ ಮುಂದೆ ಹದ್ದಿನ ಹೆಸರೆತ್ತಬಾರದಂತೆ.

ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಉದ್ದ ಕೊಕ್ಕಿನ ರಣಹದ್ದು ಅಲ್ಲಿನ ಬಂಡೆಯ ಅಂಚಿನಲ್ಲಿ ಗೂಡು ಕಟ್ಟಿ, ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅದನ್ನು ನೋಡಲು ಹತ್ತಿ, ಇಳಿಯುವಾಗ ಸೊಂಟ ಉಳುಕಿಸಿಕೊಂಡೆ. ಹದ್ದು ಕಾಣಲಿಲ್ಲ. ಪ್ರವಾಸಿಗರು ನನ್ನ ಟೋಪಿ ನೋಡಿ ಗೈಡ್ ಎಂದುಕೊಂಡು, 1975ರ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ನಿಂತಿದ್ದ ಬಂಡೆ ಯಾವುದೆಂದು ಕೇಳಿದರು. ಎದುರಿಗಿದ್ದುದನ್ನೇ ತೋರಿಸಿದೆ. ಇಪ್ಪತ್ತು ರೂಪಾಯಿ ಕೊಟ್ಟರು. ಈ ಹುದ್ದೆಯ ಮೊದಲ ಗಳಿಕೆ ಅದು.

ಆಮೇಲೆ ಸಾಹೇಬರು ಕಳಿಸಿದ್ದು ಮೆಡಿಕಲ್ ಸ್ಟೋರಿಗೆ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು, ಕೆಲವೇ ದಿನಗಳಲ್ಲಿ ಅದರ ಕಥೆ ಮುಗಿಯುತ್ತದೆ. ಜಾನುವಾರುಗಳಿಗೆಂದು ಅದನ್ನು ತಯಾರಿಸುವುದನ್ನು 2006ರಲ್ಲೇ ನಿಷೇಧಿಸಿದರು. ಆದರೆ ಮನುಷ್ಯರ ಇಂಜೆಕ್ಷನ್ನನ್ನೇ ದನಕ್ಕೂ ಚುಚ್ಚುತ್ತಿದ್ದುದರಿಂದ 2015ರಲ್ಲಿ ಅದರ ಬಾಟಲಿಯನ್ನು 3 ಎಂ.ಎಲ್.ಗೆ ಇಳಿಸಬೇಕಾಯಿತು. ರೈತನ ವೇಷದಲ್ಲಿ ಹೋಗಿ ದೊಡ್ಡ ಬಾಟಲಿ ಸಿಗುತ್ತದೋ ನೋಡಿ ಬಾ ಎಂದರು.

“ಅಣ್ಣಾ, ಹಸೂಗೆ ಸೊಂಟನೋವು. ಡೈಕ್ಲೋಫೆನಾಕ್ ಕೊಡಿ.”

“ನಾಟಿನಾ, ಎಚ್ಚೆಫ್ಫಾ?”

“ಬಿಳೀದು.”

“ಎಷ್ಟು ಹಾಲು ಕೊಡ್ತದೆ?”

“ದಿನಕ್ಕೆ ಎರಡು ಪ್ಯಾಕೆಟ್.”

ಅಂಗಡಿಯವನ ಕಣ್ಣು ನನ್ನ ಕುತ್ತಿಗೆಗೆ ಹೋಯಿತು. ಪಂಚೆ ಉಟ್ಟಿದ್ದೆ, ಟವೆಲ್ ಹೊದ್ದಿದ್ದೆ. ದುರ್ಬೀನು ಮಾತ್ರ ಹಾಗೇ ನೇತಾಡುತ್ತಿತ್ತು.

“ಹದ್ದಿನ ಆಫೀಸವ್ರಾ ಸಾರ್? ಹಿಂದೆಯೂ ಒಬ್ರು ಬಂದಿದ್ರು. ಅವ್ರು ಎತ್ತಿನ ಹಾಲು ಕರೆದಿದ್ರು. ದನಕ್ಕೆ ನಾವು ಕೊಡೋದು ಮೆಲಾಕ್ಸಿಕಾಂ. ಅದ್ರಿಂದ ಹದ್ದಿಗೆ ತೊಂದ್ರೆ ಇಲ್ಲ.”

ನಾನು ಸೊಂಟ ಹಿಡಿದುಕೊಂಡು ಹೊರಟಾಗ ಕರೆದು ಒಂದು ಮುಲಾಮಿನ ಟ್ಯೂಬು ಕೊಟ್ಟ. ಮೇಲೆ ಓದಿದೆ: ಡೈಕ್ಲೋಫೆನಾಕ್. ವರದಿಯಲ್ಲಿ ನಿಯತ್ತಾಗಿ ಬರೆದೆ. ಔಷಧ ಸಿಕ್ಕಿತೇ? ಹೌದು. ಬಳಸಿದ ಪ್ರಾಣಿ? ಸಂಶೋಧಕ.

ನಿಮ್ಮ ಕೊಟ್ಟಿಗೆಯಲ್ಲಿ ದನ ಕುಂಟಿದರೆ ಮೆಲಾಕ್ಸಿಕಾಂ ಕೊಡಿ ಎಂದು ಪಶುವೈದ್ಯರನ್ನು ಕೇಳಿ. ನಾನೇನಾದರೂ ಬೆಟ್ಟದಿಂದ ಬಿದ್ದರೆ ದಯವಿಟ್ಟು ಹದ್ದಿಗೆ ಹಾಕಬೇಡಿ. ಮುಲಾಮು ಇನ್ನೂ ಹಚ್ಚಿಕೊಳ್ಳುತ್ತಿದ್ದೇನೆ.