ಎರಡು ಬಟನ್, ಒಂದ ಚಹಾ

2024ರ ಮೇ 6. ಶಾಸಕ ರಾಜಾ ವೆಂಕಟಪ್ಪ ನಾಯಕರು ಫೆಬ್ರುವರಿಯಲ್ಲಿ ತೀರಿಕೊಂಡಿದ್ದರಿಂದ, ಮರುದಿನ ಸುರಪುರ ಕ್ಷೇತ್ರಕ್ಕೆ ಲೋಕಸಭೆಯ ಜೊತೆಗೇ ವಿಧಾನಸಭೆಯ ಉಪಚುನಾವಣೆ. ನಾರಾಯಣಪುರದ ಚಹಾದಂಗಡಿಯಲ್ಲಿ ಬಿಸಿಲೂ ಬಿಸಿ, ಮಾತೂ ಬಿಸಿ. ಚಹಾ ಮಾತ್ರ ಉಗುರುಬೆಚ್ಚಗೆ.

"ಕಾಕಾ, ನಿನ್ನೆ ಸಂಜೀಯಿಂದ ಪ್ರಚಾರ ಬಂದ್. 48 ತಾಸು ಯಾರೂ ಬಾಯಿ ಬಿಡಂಗಿಲ್ಲ."

"ಗೆದ್ದ ಮ್ಯಾಲೆ ಐದು ವರ್ಷ ಬಿಡಂಗಿಲ್ಲಲ್ಲ ತಮ್ಮಾ. ರೂಢಿ ಆಗ್ಲಿ ಬಿಡು."

ಮೂಲೆಯಲ್ಲಿ ಇಬ್ಬರು ಗೆಳೆಯರು ಬೆನ್ನು ತಿರುಗಿಸಿ ಕುಳಿತು ಒಂದೇ ತಟ್ಟೆಯ ಮಿರ್ಚಿ ತಿನ್ನುತ್ತಿದ್ದರು. ಪಕ್ಷ ಎರಡು, ಬಿಲ್ ಒಂದು.

"ಬಸವಸಾಗರ ಡ್ಯಾಮಿಗೆ 30 ಗೇಟ್ ಅದಾವ. ಬ್ಯಾಸಗ್ಯಾಗ ಕಾಲುವೀಗೆ ನೀರು ಯಾವಾಗ ಬಿಡ್ತಾರ ಕಾಕಾ?"

"ಭಾಷಣದಾಗ ದಿನಾ ಬಿಟ್ಟಾರಲ್ಲೋ!"

ಎಲೆಅಡಿಕೆ ಮೆಲ್ಲುತ್ತಿದ್ದ ಆಯಿ ಕೇಳಿದಳು, "ನಾಳೆ ಎರಡು ಮಿಷಿನ್ ಅಂತ?"

"ಹೌದ ಆಯಿ. ಒಂದು ಬೆಂಗಳೂರಿಗೆ, ಒಂದು ದಿಲ್ಲಿಗೆ. ಬಟನ್ ಒತ್ತಿದ್ರ ಚೀಟಿ ಏಳು ಸೆಕೆಂಡ್ ಕಾಣ್ತದ."

"ಅಷ್ಟೊತ್ತು ಕಾಣ್ತದಾ? ಗೆದ್ದವ್ರಿಗಿಂತ ಚೀಟಿನೇ ಚಲೋ!"

"ಹಂಗಾದ್ರ ಈ ಬಿಸಿಲಾಗ ಯಾಕ ಹೋಗ್ತಿ? ಮನ್ಯಾಗ ಕುಂದ್ರು."

"ಯಾಕ ಕುಂದ್ರಲಿ? ಒಂದು ವರ್ಷದಾಗ ಎರಡು ಸಲ ಕಾಲಿಗೆ ಬಿದ್ದಾರ. ಸೊಂಟ ನೋವು ಅವ್ರಿಗೆ, ನನಗೇನು? ನಾ ಹೋಗಾಕಿನ. ಹೋಗಲಿಲ್ಲಂದ್ರ ಮುಂದಿನ ಸಲ ನಮಸ್ಕಾರನೂ ಸಿಗಂಗಿಲ್ಲ."

ಗೆಳೆಯರಿಬ್ಬರೂ ಒಟ್ಟಿಗೇ ನಕ್ಕರು, ಮುಖ ಮಾತ್ರ ತಿರುಗಿಸಲಿಲ್ಲ.

ಜೂನ್ 4ರಂದು ಎಣಿಕೆ ಮುಗಿದಾಗ ವೆಂಕಟಪ್ಪ ನಾಯಕರ ಮಗ ರಾಜಾ ವೇಣುಗೋಪಾಲ ನಾಯಕ ವಿಧಾನಸಭೆಗೆ ಆಯ್ಕೆಯಾದರು, ರಾಯಚೂರು ಕ್ಷೇತ್ರದಿಂದ ಜಿ. ಕುಮಾರ ನಾಯಕ ಲೋಕಸಭೆಗೆ ಹೋದರು.